ಮದ್ರಾಸಲ್ಲಿ ಸಿಕ್ಕ ‘ಏಷ್ಯಾ’

ಪ್ರಶ್ನೆ: ಸರ್, ಮಗಳನ್ನ ಮುಂಬೈನ ವರ್ಲಿಯ ನೆಹರೂ ತಾರಾಲಯಕ್ಕೆ ಕರ್ಕೊಂಡು ಹೋಗಿದ್ದೆ. ನಮ್ಮ ದೇಶದಿಂದ ಯಾರೂ ಕ್ಷುದ್ರಗ್ರಹ ಕಂಡುಹಿಡಿದಿಲ್ವಾ ಅಂತ ಕೇಳಿದ್ಲು, ನಂಗೆ ಗೊತ್ತಾಗ್ಲಿಲ್ಲ.
– ಓದುಗರು, ಡೊಂಬಿವಲಿ

ಉತ್ತರ: ಎಷ್ಟು ಒಳ್ಳೇ ಪ್ರಶ್ನೆ ಕೇಳಿದಾಳೆ! 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಅನ್ನೋ ಇಂಗ್ಲೆಂಡಿನ ಖಗೋಳಜ್ಞರಿಗೆ ಒಂದು ಸಿಕ್ತು, ಇಡೀ ಏಷ್ಯಾ ಖಂಡದಿಂದ ಕಂಡುಹಿಡಿದ ಮೊದಲನೇದು ಅದು, ಹಾಗಾಗಿ ಹೆಸರೂ ‘ಏಷ್ಯಾ’ ಅಂತಲೇ ಇಟ್ರು, ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅದರ ನಂಬರ್ 67. ಆ ಕಾಲದಲ್ಲಿ ಹುಡುಕೋದು ಅಂದ್ರೆ ದೂರದರ್ಶಕದಲ್ಲಿ ಕಾಣೋ ಒಂದೊಂದು ಚುಕ್ಕೀನೂ ನಕ್ಷೆ ಜೊತೆ ತಾಳೆ ನೋಡ್ಬೇಕು, ನಕ್ಷೇಲಿ ಇಲ್ಲದ ಚುಕ್ಕಿ ಕಂಡ್ರೆ ಮರುದಿನ ಮತ್ತೆ ನೋಡಿ ಜಾಗ ಬಿಟ್ಟು ಸರಿದಿದ್ಯಾ ಅಂತ ಕಾಯ್ಬೇಕು. ಆ ತಾಳ್ಮೆ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ.

ಮಂಗಳ, ಗುರು ಮಧ್ಯದ ಪಟ್ಟಿಯಲ್ಲಿರೋ ಕಲ್ಲುಜಾತಿಯ ಕ್ಷುದ್ರಗ್ರಹ ಇದು. ಅಡ್ಡಳತೆ 60 ಕಿಲೋಮೀಟರ್ ಆಸುಪಾಸು, ಸಿಎಸ್‌ಎಂಟಿಯಿಂದ ಲೋಕಲ್ ರೈಲು ಹತ್ತಿ ಅಂಬರನಾಥದವರೆಗೆ ಹೋದಷ್ಟು ಅನ್ನಿ. ತನ್ನ ಸುತ್ತ ತಿರುಗೋಕೆ ಹತ್ತಿರಹತ್ತಿರ 16 ಗಂಟೆ, ಸೂರ್ಯನ ಸುತ್ತೋಕೆ ಮೂರೂಮುಕ್ಕಾಲು ವರ್ಷ. ಬರಿಗಣ್ಣಿಗೆ ಕಾಣಲ್ಲ. ಆದ್ರೆ ಚೆನ್ನೈಗೆ ಹೋದಾಗ ನುಂಗಂಬಾಕ್ಕಂ ಹವಾಮಾನ ಕಚೇರಿ ಆವರಣದಲ್ಲಿ ಆ ವೀಕ್ಷಣಾಲಯದ ಗ್ರಾನೈಟ್ ಕಂಬ ಇನ್ನೂ ನಿಂತಿದೆ, ಮಗಳಿಗೆ ಅದರ ವಿಷಯ ಖಂಡಿತ ಹೇಳಿ.