ಎರಡು ಭ್ರೂಣ ಹಾಕಿಸಬೇಕಾ, ಒಂದೇ ಸಾಕಾ?

31 ವರ್ಷದ ನಿಮ್ಮ ಹೆಂಡತಿಗೆ ಬೆಳಗಾವಿಯಲ್ಲಿ ಮೊದಲ ಐವಿಎಫ್‌ಗೇ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಎರಡು ಭ್ರೂಣ ಹಾಕೋಣ ಅಂತ ಡಾಕ್ಟರು ಅಂದಿದ್ದಾರೆ, ಒಪ್ಪಬೇಕಾ ಅಂತ ಕೇಳಿದ್ದೀರಿ. ಅವರು ಹಾಗೆ ಅಂದಿರುವುದು, ಬಹುಶಃ ಒಂದೇ ಸಲಕ್ಕೆ ಗರ್ಭ ನಿಲ್ಲಲಿ ಅಂತ. ಆದರೆ ಅಮೆರಿಕದ ತಜ್ಞರ ಸಂಘ ಎಎಸ್‌ಆರ್‌ಎಂನ 2021ರ ಮಾರ್ಗಸೂಚಿ 35 ತುಂಬದವರಿಗೆ ಒಂದೇ ಭ್ರೂಣ ಹಾಕುವುದನ್ನು ಒತ್ತಿ ಹೇಳುತ್ತದೆ. ಎರಡು ಹಾಕಿದರೆ ಅವಳಿ ಆಗುವ ಸಾಧ್ಯತೆ ಹೆಚ್ಚು. ಅವಳಿ ಅಂದರೆ ಖುಷಿ, ಅಲ್ವಾ? ಆದರೆ ಅರ್ಧಕ್ಕಿಂತ ಜಾಸ್ತಿ ಅವಳಿಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತಾಯಿಗೂ ಬಿಪಿ, ರಕ್ತಸ್ರಾವದ ಅಪಾಯ ಹೆಚ್ಚು. ನನ್ನ ತಂಗಿಗೂ ಎರಡು ಅಂದಿದ್ದರು, ಕೇಳಿದ ಮೇಲೆ ಒಂದಕ್ಕೇ ಒಪ್ಪಿದರು.

ಮೊದಲು ಭ್ರೂಣ ಎಷ್ಟನೇ ದಿನದ್ದು, ಗ್ರೇಡ್ (ಭ್ರೂಣದ ಗುಣಮಟ್ಟ) ಏನು ಅಂತ ಕೇಳಿ. ಐದನೇ ದಿನದ ಒಳ್ಳೆಯದಿದ್ದರೆ ಒಂದನ್ನು ಹಾಕಿ ಉಳಿದದ್ದನ್ನು ಫ್ರೀಜ್ ಮಾಡಲು ಹೇಳಿ, ಅದರ ಖರ್ಚೂ ಈಗಲೇ ಕೇಳಿಕೊಳ್ಳಿ. ಗ್ರೇಡ್ ಕಡಿಮೆಯಿದ್ದರೆ ಎರಡಕ್ಕೆ ಕಾರಣ ಇರಬಹುದು, ರಿಪೋರ್ಟ್ ನೋಡದೆ ಹೇಳಲಾರೆ. ಒಪ್ಪಿಗೆ ಪತ್ರದಲ್ಲಿ ಎಷ್ಟು ಭ್ರೂಣ ಅಂತ ಬರೆಸಿದ ಮೇಲೇ ಸಹಿ ಹಾಕಿ.