ಬಾಗಿಲು ಯಾವ ಕಡೆಗೆ? ಕ್ಯಾಂಪಸ್ಸಿನ ಸಾಂಸ್ಕೃತಿಕ ಕಟ್ಟಡಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ವಿಶ್ವವಿದ್ಯಾಲಯದ ಜಾಗದಲ್ಲಿ ಸುತ್ತಲಿನ ಜನರೂ ಬಳಸುವಂಥ ಸಾಂಸ್ಕೃತಿಕ ಕೇಂದ್ರ ಕಟ್ಟುವ ಯೋಜನೆಯಿದೆ. ಸಭಾಂಗಣ, ಓದುವ ಕೋಣೆ, ಕ್ಯಾಂಟೀನ್, ನಾಲ್ಕಾರು ಅಂಗಡಿ, ಮೇಲೆ ಹಾಸ್ಟೆಲ್. ನಕ್ಷೆ ಬರೆಯುವ ಮೊದಲು ಏನನ್ನು ತೀರ್ಮಾನಿಸಬೇಕು?

ಯಾವುದು ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂಬುದನ್ನು. ಒಂದು ಹಾಳೆಯಲ್ಲಿ 24 ಗಂಟೆಗಳಿಗೆ 24 ಮನೆ ಹಾಕಿ, ಒಂದೊಂದು ಉಪಯೋಗಕ್ಕೂ ಒಂದೊಂದು ಸಾಲು ಬರೆದು, ತೆರೆದಿರುವ ಹೊತ್ತಿಗೆಲ್ಲ ಬಣ್ಣ ತುಂಬಿ. ತರಗತಿ ನಡೆಯುವ ದಿನಕ್ಕೊಂದು, ಭಾನುವಾರಕ್ಕೊಂದು, ಸೆಮಿಸ್ಟರ್ ರಜೆಗೊಂದು ಹೀಗೆ ಮೂರು ಹಾಳೆ ಬೇಕು. ರಾತ್ರಿ ಒಂಬತ್ತಕ್ಕೆ ಸಭಾಂಗಣ ಮಾತ್ರ ತೆರೆದು ಉಳಿದದ್ದೆಲ್ಲ ಮುಚ್ಚಿದ್ದರೆ, ಸಭಾಂಗಣದ ಜನ ಯಾವ ದಾರಿಯಲ್ಲಿ ಬರುತ್ತಾರೆ, ಎಲ್ಲಿ ಕಾಯುತ್ತಾರೆ, ಯಾವ ಶೌಚಾಲಯಕ್ಕೆ ಹೋಗುತ್ತಾರೆ ಎಂಬುದಕ್ಕೆ ಆ ಹಾಳೆಯಲ್ಲೇ ಉತ್ತರ ಸಿಗಬೇಕು.

ಇದಾದ ಮೇಲೆ ನಕ್ಷೆಯಲ್ಲಿ ಕೆಂಪು ಗೆರೆಯೊಂದನ್ನು ಎಳೆಯಿರಿ: ಗುರುತಿನ ಚೀಟಿ ಇಲ್ಲದವರು ಎಲ್ಲಿಯವರೆಗೆ ಬರಬಹುದು? ಹೆಚ್ಚಿನ ಕಡೆ ಶೌಚಾಲಯ, ಕುಡಿಯುವ ನೀರು, ಲಿಫ್ಟ್ ಮೂರೂ ಈ ಗೆರೆಯ ಒಳಗೆ ಸೇರಿಹೋಗಿರುತ್ತವೆ. ಆಗ ಕಾರ್ಯಕ್ರಮವಿದ್ದ ದಿನ ಇಡೀ ಕಟ್ಟಡವನ್ನು ತೆರೆದಿಡಬೇಕು, ಕಾವಲಿಗೆ ಹೆಚ್ಚು ಜನ ಬೇಕು. ಖರ್ಚು ನೋಡಿದ ಆಡಳಿತ ಹೊರಗಿನವರಿಗೆ ಸಭಾಂಗಣ ಕೊಡುವುದನ್ನೇ ನಿಲ್ಲಿಸುತ್ತದೆ. ‘ಸಮುದಾಯ ಕೇಂದ್ರ’ ಎಂದು ಫಲಕ ಹಾಕಿಕೊಂಡ ಕಟ್ಟಡಗಳು ಬೀಗ ಹಾಕಿಕೊಂಡೇ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೂರನ್ನೂ ಗೆರೆಯ ಹೊರಗಿಡಿ. ಹಾಸ್ಟೆಲಿನ ಮೆಟ್ಟಿಲು, ಲಿಫ್ಟ್ ಬೇರೆಯೇ ಇರಲಿ. ಒಂದೇ ಲಿಫ್ಟ್ ಇಬ್ಬರಿಗೂ ಆಗುತ್ತದೆ ಎಂಬ ಉಳಿತಾಯದ ಮಾತಿಗೆ ಒಪ್ಪಬೇಡಿ.

ಸಭಾಂಗಣದ ಮುಖ್ಯ ಬಾಗಿಲು ಬೀದಿಯ ಕಡೆಗಿರಲಿ. ಕ್ಯಾಂಪಸ್ಸಿನ ದೊಡ್ಡ ಗೇಟು ದಾಟಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಅರ್ಧ ಕಿಲೋಮೀಟರ್ ನಡೆದು ಬರಬೇಕಾದ ಜಾಗಕ್ಕೆ ಹೊರಗಿನವರು ಆಹ್ವಾನವಿಲ್ಲದೆ ಬರುವುದಿಲ್ಲ. ಅಂಗಡಿಗಳಿಗೂ ಬೀದಿಯೇ ಆಸರೆ. ಒಳಮುಖವಾಗಿ ಕಟ್ಟಿದರೆ ರಜೆಯ ತಿಂಗಳುಗಳಲ್ಲಿ ಗಿರಾಕಿಯಿಲ್ಲದೆ ಬಾಡಿಗೆದಾರರು ಖಾಲಿ ಮಾಡುತ್ತಾರೆ.

ಅಡುಗೆಮನೆಯ ಹೊಗೆಯ ವಿಷಯ ಸಣ್ಣದೆನಿಸುತ್ತದೆ, ಆದರೆ ಕಟ್ಟಿದ ಮೇಲೆ ಸರಿಪಡಿಸುವುದು ಬಲು ಕಷ್ಟ. ನೆಲಮಹಡಿಯಲ್ಲಿ ಮುಂದೆ ಎಂದಾದರೂ ಅಡುಗೆ ನಡೆಯುವ ಸಾಧ್ಯತೆಯಿದ್ದರೆ ತಾರಸಿಯವರೆಗೆ ಹೋಗುವ ಹೊಗೆಕೊಳವೆಯ ದಾರಿಯನ್ನು ಈಗಲೇ ಎಲ್ಲ ಮಹಡಿಗಳಲ್ಲೂ ಬಿಡಿ. ಬಿಡದಿದ್ದರೆ ಆಮೇಲೆ ತಗಡಿನ ಕೊಳವೆ ಹಾಸ್ಟೆಲ್ ಕಿಟಕಿಗಳ ಮುಂದೆಯೇ ಏರುತ್ತದೆ. ಅಡುಗೆಮನೆಯ ಕೊಳೆನೀರಿನ ಜಿಡ್ಡನ್ನು ತಡೆದಿಡುವ ತೊಟ್ಟಿಯ ಮುಚ್ಚಳ ಹೊರಗಿನಿಂದ ತೆಗೆಯುವಂತಿರಲಿ. ಊಟದ ಹಾಲಿನ ನಡುವೆ ಅದನ್ನು ಬಗ್ಗಡಿಸುವುದು ಯಾರಿಗೂ ಬೇಡ. ಒಂದೊಂದು ಅಂಗಡಿಗೂ ಪ್ರತ್ಯೇಕ ವಿದ್ಯುತ್ ಮತ್ತು ನೀರಿನ ಮೀಟರು ಬೇಕು ಎಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ನಾಟಕ, ಉಪನ್ಯಾಸ, ಸಂಗೀತ ಕಛೇರಿ ಮೂರಕ್ಕೂ ಒಂದೇ ಸಭಾಂಗಣ ಸಾಕೇ? ನಮ್ಮದು 20 ಮೀಟರ್ ಉದ್ದ, 15 ಅಗಲ, 7 ಎತ್ತರ. ಸುಮಾರು 300 ಜನ ಕೂರಬೇಕು.

ಸಾಕು. ಆದರೆ ಮಾತಿಗೂ ಸಂಗೀತಕ್ಕೂ ಬೇಕಾದ ಅನುರಣನ ಬೇರೆ ಬೇರೆ. ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಇಷ್ಟು ದೊಡ್ಡ ಕೋಣೆಯಲ್ಲಿ ಮಾತು ಸ್ಪಷ್ಟವಾಗಿರಲು ಅದು ಸುಮಾರು 1 ಸೆಕೆಂಡ್ ಇರಬೇಕು. ಮೈಕಿಲ್ಲದ ಸಂಗೀತಕ್ಕೆ 1.6 ಸೆಕೆಂಡ್ ಹಿತ.

ಈ ಲೆಕ್ಕ ಹುಟ್ಟಿದ್ದೂ ವಿಶ್ವವಿದ್ಯಾಲಯದಲ್ಲೇ. ಹಾರ್ವರ್ಡಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಒಂದು ಪದ ಸುಮಾರು 5.5 ಸೆಕೆಂಡ್ ಗುಂಯ್‌ಗುಡುತ್ತಿತ್ತು. ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಹೊತ್ತ ಭೌತಶಾಸ್ತ್ರಜ್ಞ ವ್ಯಾಲೇಸ್ ಸಬೈನ್, ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಎಷ್ಟು ಮೆತ್ತೆಗೆ ಎಷ್ಟು ಗುಂಗು ಇಳಿಯುತ್ತದೆಂದು ಅಳೆದರು. ಅದರಿಂದ ಬಂದ ಸೂತ್ರ ಹೀಗಿದೆ: ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ. ಬಿದ್ದ ಸದ್ದನ್ನೆಲ್ಲ ಹೀರಿಬಿಡುವ ಎಷ್ಟು ಚದರ ಮೀಟರ್ ಮೇಲ್ಮೈಗೆ ಕೋಣೆ ಸಮವೋ ಅದೇ ಹೀರಿಕೆ.

ನಿಮ್ಮ ಕೋಣೆಯ ಗಾತ್ರ 2100 ಘನ ಮೀಟರ್. 1 ಸೆಕೆಂಡಿಗೆ ಇಳಿಸಲು 338 ಚದರ ಮೀಟರಿನಷ್ಟು ಹೀರಿಕೆ ಬೇಕು, 1.6ಕ್ಕೆ 211 ಸಾಕು. ಕೂತ ಒಬ್ಬ ವ್ಯಕ್ತಿ ಸುಮಾರು 0.45 ಹೀರುತ್ತಾನೆ ಎಂದರೆ 300 ಜನಕ್ಕೆ 135. ಹಾಗಾಗಿ ಸಂಗೀತದ ದಿನ ಗೋಡೆ, ನೆಲ, ಚಾವಣಿ ಎಲ್ಲ ಸೇರಿ 76ಕ್ಕಿಂತ ಹೆಚ್ಚು ಹೀರಬಾರದು. ಅಂದರೆ ಮೇಲ್ಮೈಗಳು ಬಹುಪಾಲು ಗಟ್ಟಿಯಾಗಿಯೇ ಇರಬೇಕು. ಗೋಡೆಗೆಲ್ಲ ಮೆತ್ತನೆಯ ಫಲಕ ಹೊಡೆಸಿಬಿಟ್ಟರೆ ಸಂಗೀತ ಸತ್ತುಹೋಗುತ್ತದೆ, ಮತ್ತೆ ಅದನ್ನು ಬದುಕಿಸಲಾಗದು.

ಮಾತಿನ ದಿನ ಬೇಕಾದ 338ಕ್ಕೂ ಈ 211ಕ್ಕೂ ನಡುವಿನ 127ರ ವ್ಯತ್ಯಾಸವನ್ನು ಪರದೆಗಳು ತುಂಬಬೇಕು. ದಪ್ಪ ಬಟ್ಟೆಯನ್ನು ಗೋಡೆಯ ಅಗಲದ ಎರಡರಷ್ಟು ತೆಗೆದುಕೊಂಡು ನೆರಿಗೆಯಾಗಿ ಇಳಿಬಿಟ್ಟರೆ ಒಂದು ಚದರ ಮೀಟರ್ ಗೋಡೆಗೆ 0.55ರಷ್ಟು ಹೆಚ್ಚುವರಿ ಹೀರಿಕೆ ಹಿಡಿಯಬಹುದು. ಸುಮಾರು 230 ಚದರ ಮೀಟರ್ ಗೋಡೆ ಮುಚ್ಚಬೇಕಾಗುತ್ತದೆ. ನಿಮ್ಮ ಗೋಡೆಗಳ ಒಟ್ಟು 490ರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಪರದೆಗೂ ಗೋಡೆಗೂ ನಡುವೆ 10ರಿಂದ 15 ಸೆಂಟಿಮೀಟರ್ ಅಂತರ ಬಿಡಿ. ಸಂಗೀತದ ದಿನ ಪರದೆ ಮಡಚಿ ಸೇರಲು ಗೋಡೆಯಲ್ಲೇ ಗೂಡುಗಳಿರಬೇಕು. ಮೂಲೆಯಲ್ಲಿ ಗುಪ್ಪೆಯಾಗಿ ನೇತಾಡಿಕೊಂಡೇ ಇದ್ದರೆ ಹೀರುವುದು ನಿಲ್ಲದು. ಇನ್ನೊಂದು ಮಾತು: ಪರದೆ ಎತ್ತರದ ಸ್ವರಗಳನ್ನು ಹೀರುತ್ತದೆ, ಡ್ರಮ್ಮಿನ ತಗ್ಗು ಸದ್ದನ್ನು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ. ಅದಕ್ಕೆ ಹಿಂದೆ ಗಾಳಿಯ ಟೊಳ್ಳು ಬಿಟ್ಟು ಕೂರಿಸಿದ ತೆಳು ಹಲಗೆಯ ಫಲಕಗಳೇ ಬೇಕು.

ನೆಲ ಸಮತಟ್ಟಾಗಿರಲಿ, ಮೆಟ್ಟಿಲಾಕಾರದ ಆಸನ ಹಿಂದಿನ ಗೋಡೆಗೆ ಮಡಚಿಕೊಳ್ಳುವಂಥದ್ದಿರಲಿ. ಮಡಚಿದಾಗ ಅದರ ಭಾರವೆಲ್ಲ ಒಂದು ಕಿರಿದಾದ ಪಟ್ಟಿಯ ಮೇಲೆ ಬೀಳುತ್ತದೆ. ನೆಲದ ವಿನ್ಯಾಸ ಮಾಡುವ ಎಂಜಿನಿಯರಿಗೆ ತಯಾರಕರ ಅಂಕಿಗಳನ್ನು ಮೊದಲೇ ಕೊಡಿ.

ಪ್ರಶ್ನೆ: ಸಭಾಂಗಣದ ಮೇಲೆಯೇ ಹಾಸ್ಟೆಲ್ ಕೋಣೆಗಳು ಬಂದರೆ ತೊಂದರೆಯೇ?

ತೊಂದರೆಯೇ. ಸ್ಪೀಕರಿನ ಕಂಪನ ಕಾಂಕ್ರೀಟಿನೊಳಗೇ ಹರಿದು ಎರಡು ಮಹಡಿ ಮೇಲಿನ ಮಂಚದವರೆಗೂ ತಲುಪುತ್ತದೆ. ರಬ್ಬರ್ ಅಥವಾ ಸ್ಪ್ರಿಂಗಿನ ಮೇಲೆ ತೇಲುವ ನೆಲ, ಗೋಡೆಯೊಳಗೊಂದು ಗೋಡೆ ಹೀಗೆ ಪರಿಹಾರವಿದೆ, ಆದರೆ ದುಬಾರಿ. ಒಂದೇ ಒಂದು ಕೊಳವೆ ಎರಡೂ ಗೋಡೆಗಳನ್ನು ಬಿಗಿಯಾಗಿ ಮುಟ್ಟಿದರೂ ಪೂರ್ತಿ ವ್ಯರ್ಥ. ಸಭಾಂಗಣವನ್ನು ಪಕ್ಕಕ್ಕೆ ಸರಿಸಿ, ನಡುವೆ ಸ್ಟೋರ್, ಮೆಟ್ಟಿಲು, ಕಾರಿಡಾರ್ ಇಡಿ. ಸಭಾಂಗಣದ ಪ್ರತಿ ಬಾಗಿಲಿಗೂ ಹಿಂದೆಮುಂದೆ ಎರಡು ಕದಗಳಿರಲಿ, ಕೆಳಗಿನ ಸಂದು ಮುಚ್ಚಿರಲಿ.

ಪ್ರಶ್ನೆ: ಅದೇ ಅಳತೆಯ ಸಭಾಂಗಣದಲ್ಲಿ ಕೆಲವೊಮ್ಮೆ ಕುರ್ಚಿಯಿಲ್ಲದೆ ಸಂಗೀತ ಕಾರ್ಯಕ್ರಮ ನಡೆಯುತ್ತದೆ. ಎರಡು ಬಾಗಿಲು ಸಾಕಲ್ಲವೇ?

ಸಾಲದು. ಹಲವು ದೇಶಗಳು ಆಧಾರವಾಗಿಟ್ಟುಕೊಂಡಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬರೀ ಕುರ್ಚಿ ಹಾಕಿದರೆ ತಲೆಗೆ 0.65 ಚದರ ಮೀಟರ್, ಮೇಜು ಕುರ್ಚಿ ಇದ್ದರೆ 1.4, ನಿಂತ ಜನಕ್ಕೆ 0.46. 300 ಚದರ ಮೀಟರಿಗೆ ಇದು ಕ್ರಮವಾಗಿ 461, 214, 652 ಜನ. ಅಲ್ಲಿ 500ರವರೆಗೆ ಎರಡು ನಿರ್ಗಮನ, 501ರಿಂದ 1000ಕ್ಕೆ ಮೂರು. ಕುರ್ಚಿಯ ಲೆಕ್ಕದಲ್ಲಿ ಪಾಸಾದ ಕೋಣೆ ನಿಂತ ಜನರ ಲೆಕ್ಕದಲ್ಲಿ ಫೇಲಾಗುವುದು ಹೀಗೆ. ನಿಮ್ಮಲ್ಲಿ ಜಾರಿಯಲ್ಲಿರುವ ನಿಯಮದ ಅಂಕಿ ಬೇರೆಯಿದ್ದರೆ ಅದನ್ನೇ ಹಿಡಿಯಿರಿ, ಆದರೆ ಅತಿ ಹೆಚ್ಚು ಜನ ಸೇರುವ ಬಳಕೆಗೇ ಲೆಕ್ಕ ಹಾಕಿ. ಎರಡು ನಿರ್ಗಮನಗಳ ನಡುವೆ ಕೋಣೆಯ ಕರ್ಣದ ಅರ್ಧದಷ್ಟಾದರೂ ದೂರವಿರಬೇಕು. ನಿಮ್ಮ ಕರ್ಣ 25 ಮೀಟರ್, ದೂರ 12.5. ಕದ ಹೊರಕ್ಕೆ ತೆರೆಯಬೇಕು, ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ಸಾಕು ಎಂಬಂತಿರಬೇಕು.

ಇನ್ನು, ತೆಗೆದ ಕುರ್ಚಿಗಳು ಎಲ್ಲಿ ಹೋಗುತ್ತವೆ? ಸ್ಟೋರ್ ಇಲ್ಲದಿದ್ದರೆ ನೇರ ಆ ಮೂರನೆಯ ಬಾಗಿಲಿನ ಮುಂದಕ್ಕೆ. ಹತ್ತತ್ತರ ಗುಪ್ಪೆಯಲ್ಲಿ 300 ಕುರ್ಚಿಗೆ 30 ಗುಪ್ಪೆ. ಗಾಡಿ ತಿರುಗುವ ಜಾಗ ಸೇರಿ 20ರಿಂದ 25 ಚದರ ಮೀಟರ್. ಮೇಜು, ವೇದಿಕೆಯ ತುಂಡು, ದೀಪ, ಏಣಿ ಎಲ್ಲ ಸೇರಿದರೆ ಸಭಾಂಗಣದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಸ್ಟೋರಿಗೆ ಒಪ್ಪಲೇಬೇಡಿ. ಖರ್ಚು ಕಡಿಮೆ ಮಾಡಿ ಎಂದಾಗ ನಕ್ಷೆಯಿಂದ ಮೊದಲು ಅಳಿಸಿಹೋಗುವುದು ಇದೇ ಕೋಣೆ.

ಪ್ರಶ್ನೆ: ಗ್ರಂಥಾಲಯದ ಮುಂದೆ ಸಾವಿರ ಚದರ ಮೀಟರಿನ ಹಾಸುಗಲ್ಲಿನ ಅಂಗಳವಿದೆ, ನಾಲ್ಕು ಬೆಂಚುಗಳಿವೆ. ಯಾರೂ ನಿಲ್ಲುವುದಿಲ್ಲ, ದಾಟಿ ಹೋಗುತ್ತಾರೆ. ಕಾರಂಜಿ ಹಾಕಿಸಿದರೆ ಹೇಗೆ?

ಮೊದಲು ಕೂರಲು ಜಾಗ ಮಾಡಿ. 1970ರ ದಶಕದಲ್ಲಿ ನಗರ ಜೀವನದ ಅಧ್ಯಯನಕಾರ ವಿಲಿಯಂ ವೈಟ್ ನ್ಯೂಯಾರ್ಕಿನ ಅಂಗಳಗಳನ್ನು ಚಿತ್ರೀಕರಿಸಿ ಗಮನಿಸಿದರು: ಜನ ಕೂರುವುದು ಕೂರಲು ಜಾಗವಿದ್ದಲ್ಲಿ. ಅಷ್ಟು ಸರಳ. 1975ರ ಅಲ್ಲಿನ ನಿಯಮ 30 ಚದರ ಅಡಿ ಅಂಗಳಕ್ಕೆ 1 ಅಡಿ ಉದ್ದದ ಆಸನ ಕೇಳಿತು. ನಿಮ್ಮ ಅಂಗಳಕ್ಕೆ ಅದು ಸುಮಾರು 110 ಮೀಟರ್. ನಾಲ್ಕು ಬೆಂಚು ಸೇರಿದರೆ ಎಂಟು ಮೀಟರ್ ಇದ್ದೀತು.

ಅಷ್ಟನ್ನೂ ಬೆಂಚಿನಲ್ಲೇ ತುಂಬಬೇಕಿಲ್ಲ. ಗಿಡದ ಪಾತಿಯ ಕಟ್ಟೆಯನ್ನು 40ರಿಂದ 45 ಸೆಂಟಿಮೀಟರ್ ಎತ್ತರಕ್ಕೆ ತನ್ನಿ. ಅಗಲ 75 ಇದ್ದರೆ ಎರಡೂ ಕಡೆಯಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರಬಹುದು. ಕಟ್ಟೆಗಳನ್ನು ಜನ ಓಡಾಡುವ ದಾರಿಯ ಅಂಚಿಗೆ, ಬೆನ್ನಿಗೆ ಗೋಡೆಯೋ ಗಿಡವೋ ಇರುವಂತೆ ಕಟ್ಟಿಸಿ, ಅಂಗಳದ ನಟ್ಟನಡುವೆ ಬೇಡ. ಜೊತೆಗೆ ಎತ್ತಿ ಸರಿಸಬಹುದಾದ ಕುರ್ಚಿಗಳು ಐವತ್ತಾದರೂ ಇರಲಿ. ಕಳವಾಗುತ್ತವೆ ಎಂಬ ಆಕ್ಷೇಪ ಬರುತ್ತದೆ, ಕೆಲವು ಹೋಗಲಿ. ಬಿಸಿಲಿಗೂ ನೆರಳಿಗೂ ತಕ್ಕಂತೆ ಜನರೇ ಜಾಗ ಬದಲಿಸಿಕೊಳ್ಳುವುದು ಬೇರೆ ಯಾವ ಆಸನದಲ್ಲೂ ಆಗದು.

ನೆರಳಿಗೆ ಮರ ನೆಡುವ ಮುನ್ನ ಕೆಳಗೆ ನೆಲಮಾಳಿಗೆ ಇದೆಯೇ ನೋಡಿ. ಒದ್ದೆ ಮಣ್ಣು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಪಾರ್ಕಿಂಗಿನ ಚಾವಣಿ ಅದಕ್ಕೆಂದೇ ವಿನ್ಯಾಸಗೊಂಡಿರದಿದ್ದರೆ ಬಳ್ಳಿಯ ಚಪ್ಪರವೇ ಗತಿ. ಅಂಗಳದಲ್ಲಿ ಮುಂದೆ ಸಂತೆ, ನಾಟಕ ನಡೆಯಬೇಕಿದ್ದರೆ ಕಟ್ಟೆ ಕಟ್ಟಲು ಹಾಸುಗಲ್ಲನ್ನು ಹೇಗೂ ಕೀಳುವಾಗಲೇ ಪ್ರತಿ 15–20 ಮೀಟರಿಗೊಂದು ಮುಚ್ಚಳವಿರುವ ವಿದ್ಯುತ್ ಪೆಟ್ಟಿಗೆ, ಎರಡು ನಲ್ಲಿ, ಚರಂಡಿಯ ಕಡೆಗೆ 100ಕ್ಕೆ 1ರ ಇಳಿಜಾರು ಮಾಡಿಸಿ. ಲಾರಿ ಬರುವಷ್ಟು, ಅಂದರೆ ನಾಲ್ಕು ಮೀಟರ್ ಅಗಲದ ದಾರಿಯಲ್ಲಿ ಕಲ್ಲಿನ ಕೆಳಗೆ ಕಾಂಕ್ರೀಟ್ ಹಾಸಿ. ಕಾರಂಜಿಯ ಪಂಪಿಗೆ ಎತ್ತಿಟ್ಟ ಹಣದಲ್ಲಿ ಇವುಗಳಿಂದಲೇ ಶುರು ಮಾಡಿ.