2147483647 ಅವಿಭಾಜ್ಯ ಅಂತ ಆಯ್ಲರ್ ಕೈಯಲ್ಲೇ ಹೇಗೆ ಲೆಕ್ಕ ಹಾಕಿದರು?

ಕಂಪ್ಯೂಟರ್ ಇಲ್ಲದೆ 1772ರಲ್ಲಿ ಇದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ಸ್ವಿಸ್ ಗಣಿತಜ್ಞ ಆಯ್ಲರ್ ಭಾಗಿಸಿಯೇ ನೋಡಿದರು. ಆದರೆ ಸಿಕ್ಕ ಸಿಕ್ಕ ಸಂಖ್ಯೆಯಿಂದಲ್ಲ.

ಈ ಸಂಖ್ಯೆ 2³¹−1. ವರ್ಗಮೂಲ ಸುಮಾರು 46340, ಅಲ್ಲಿವರೆಗೆ ನೋಡಿದರೆ ಸಾಕು. ಸುಮ್ನೆ ಎಲ್ಲ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದರೂ ನಾಲ್ಕು ಸಾವಿರಕ್ಕಿಂತ ಜಾಸ್ತಿ ಲೆಕ್ಕ. ಇಲ್ಲೇ ಗಣಿತಜ್ಞ ಫರ್ಮಾ ಅವರ ಪ್ರಮೇಯ ಕೈಹಿಡಿಯುತ್ತದೆ. ಇದರ ಯಾವುದೇ ಅವಿಭಾಜ್ಯ ಅಪವರ್ತನದಿಂದ 1 ಕಳೆದರೆ ಉಳಿದದ್ದು 62ರಿಂದ, ಅಂದರೆ 2×31ರಿಂದ, ಭಾಗವಾಗಲೇಬೇಕು. ಚಿಕ್ಕದರಲ್ಲಿ ನೋಡಿ: 2¹¹−1 ಅಂದರೆ 2047 = 23×89. 1 ಕಳೆದರೆ ಬರುವ 22, 88 ಎರಡೂ 22ರಿಂದ (2×11) ಭಾಗವಾಗುತ್ತವೆ, ಅಲ್ವಾ?

ಇನ್ನೊಂದು ನಿಯಮವೂ ಇದೆ. ಆ ಅಪವರ್ತನವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಮಾತ್ರ. ಎರಡನ್ನೂ ಸೇರಿಸಿದರೆ 248k+1, 248k+63 ರೂಪದವು ಮಾತ್ರ ಉಳಿಯುತ್ತವೆ, ಒಟ್ಟು 372. ಅದರಲ್ಲೂ 249 = 3×83, ಬಿಡಿ. 311 ಅವಿಭಾಜ್ಯ, ಅದನ್ನು ನೋಡಬೇಕು. 497 = 7×71, 559 = 13×43, ಇವೂ ಬೇಡ. ಹೀಗೆ ಜರಡಿ ಹಿಡಿದರೆ ಅದರ ನಂತರದ್ದು ಸೀದಾ 1303! ನನಗಂತೂ ಇಡೀ ಸಾಧನೆಯಲ್ಲಿ ಅತಿ ಸುಂದರ ಅನ್ನಿಸುವುದು ಇದೇ. ಉಳಿದವುಗಳಲ್ಲಿ ಒಂದೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಫಲಿತಾಂಶವನ್ನು ಆಯ್ಲರ್ ಗಣಿತಜ್ಞ ಮೂರನೇ ಯೋಹಾನ್ ಬರ್ನೂಲಿಗೆ ಪತ್ರದಲ್ಲಿ ತಿಳಿಸಿದರು.